ಬನ್ನಿ ಅಂದದ್ದಕ್ಕೆ ಬಂದೇ ಬಿಟ್ಟವನು

ಅತ್ತಿಗೆ: ಒಂದು ತುಂಡೂ ಉಳಿಸಲಿಲ್ವಾ?

ಅಣ್ಣ: ಡಬ್ಬ ಉಳಿದಿದೆ.

ಅತ್ತಿಗೆ: ಖಾಲಿ ಡಬ್ಬ ಹಿಡ್ಕೊಂಡು ಹೋಗಿ ಹೆಣ್ಣು ಕೇಳೋಣ್ವಾ?

ಪಿಯಾನೋ ಕಛೇರಿ ಇನ್ನೇನು ಶುರುವಾಗಬೇಕು. ಮೊದಲ ಸಾಲಿನಲ್ಲಿ ನಮ್ಮಣ್ಣ ಫೋರ್ತುನಾತೊ, ಅತ್ತಿಗೆ ಲುಡಿವಿನಾ. ಮನಿಲಾದ ಈ ಟ್ರಾಫಿಕ್ಕಿನಲ್ಲಿ ಗಾಡಿ ಓಡಿಸಿಕೊಂಡು ಬಂದ ತಪ್ಪಿಗೆ ಪಕ್ಕದಲ್ಲಿ ನಾನು. ಬೆಳಿಗ್ಗೆಯಿಂದ ಕೆಳಗಿನ ಅಂತರರಾಷ್ಟ್ರೀಯ ಬಜಾರಿನಲ್ಲಿ ಅಲೆದಲೆದು, ಜರ್ಮನಿಯವರ ಮಳಿಗೆಯಲ್ಲಿ ಕೊನೆಗೆ ಉಳಿದಿದ್ದ ಚೆರ್ರಿ ಕೇಕನ್ನು ಅತ್ತಿಗೆ ನುಗ್ಗಿ ಕೊಂಡಿದ್ದರು. ಸಂಜೆ ಮಗ ರಾಮಿಲನಿಗೆ ಹೆಣ್ಣು ಕೇಳಲು ಹೋಗಬೇಕು. ಗಂಡಿನ ಕಡೆಯವರು ತಿನ್ನುವುದಕ್ಕೆ ಏನಾದರೂ ಹೊತ್ತುಕೊಂಡೇ ಹೋಗಬೇಕು. ಬರಿಗೈಯಲ್ಲಿ ಹೋದವರನ್ನು ನಮ್ಮಲ್ಲಿ ಯಾರೂ ಬೀಗರು ಅನ್ನುವುದಿಲ್ಲ.

ಅತ್ತಿಗೆ: ಮುಚ್ಚಳ ಯಾಕ್ರೀ ತೆಗೆದ್ರಿ?

ಅಣ್ಣ: ಟರ್ಕಿ ದೀಪ ನೋಡ್ತೀನಿ ಅಂತ ಹೋದವಳು ನೀನು ಬರಲೇ ಇಲ್ಲ. ಕೆನೆ ಕರಗಿದೆಯಾ ಅಂತ ನೋಡಿದೆ.

ಅತ್ತಿಗೆ: ಕಣ್ಣಲ್ಲಿ ನೋಡಿದ್ರಾ, ನಾಲಿಗೇಲಿ ನೋಡಿದ್ರಾ?

ಅಣ್ಣ: ಬೆರಳಲ್ಲಿ. ಅಷ್ಟರಲ್ಲಿ ಎದುರಿಗೆ ಒಬ್ಬ ಬಿಳಿಗಡ್ಡದ ವಿದೇಶಿ ಬಂದು ನಿಂತ. ಎದುರಿಗೆ ಮನುಷ್ಯ ಇದ್ದಾಗ 'ಬನ್ನಿ, ತಿನ್ನೋಣ' ಅನ್ನದೆ ಹೇಗೆ ಬೆರಳು ನೆಕ್ಕಲಿ?

ಅತ್ತಿಗೆ: ಅಂದುಬಿಟ್ರಾ?

ಅಣ್ಣ: ಅಂದೆ. ಅವನು 'ಬೇಡ, ಈಗ ತಾನೇ ಆಯ್ತು' ಅನ್ಬೇಕಿತ್ತು ತಾನೆ? ಹುಟ್ಟಿದಾಗಿಂದ ದಾರೀಲಿ ಹೋಗೋರಿಗೆಲ್ಲ ಹೇಳ್ತಾ ಬಂದಿದೀನಿ, ಒಬ್ಬನಾದ್ರೂ ತಿಂದಿದಾನಾ? ಇವನು ಕುರ್ಚಿ ಎಳ್ಕೊಂಡು ಕೂತೇಬಿಟ್ಟ.

ಅತ್ತಿಗೆ: ತಡೀಬಾರದಿತ್ತಾ?

ಅಣ್ಣ: ಹೇಗೆ? 'ಸುಮ್ನೆ ಬಾಯಿಮಾತಿಗೆ ಅಂದೆ ಸ್ವಾಮಿ, ಏಳಿ' ಅನ್ನಲಾ? ಒಂದು ತುಂಡಾದ್ಮೇಲೆ ಸಾಕು ಅಂತಾನೆ ಅಂದ್ಕೊಂಡು 'ಇನ್ನೊಂದು ತಗೊಳ್ಳಿ' ಅಂದೆ.

ಅತ್ತಿಗೆ: ಅದನ್ನ ಬೇರೆ ಅಂದ್ರಾ?

ಅಣ್ಣ: ಪ್ರತಿ ತುಂಡಿಗೂ ಅಂದೆ. ಮರ್ಯಾದೆ ಬೇಡ್ವಾ?

ಅತ್ತಿಗೆ ನನ್ನ ಕಡೆ ತಿರುಗಿದರು. ನಾನು ಛಾವಣಿ ನೋಡಿದೆ. ಅಣ್ಣನ ಅಂಗಿಯ ಮೇಲೂ ಕೆನೆ ಇತ್ತು, ಆದರೆ ಅಣ್ಣನ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ.

ಅತ್ತಿಗೆ: ಪಂಕ್ಚರ್ ಅಂಗಡಿಯವರು ಅಂತ ಹುಡುಗಿಯ ತಾಯಿ ಆ ಪುರಿಂಗ್ ಮೇಡಂ ಮೊದಲೇ ಮೂಗು ಮುರೀತಾರೆ. ಅವರು ಪಿಯಾನೋ ಹೇಳಿಕೊಡೋರು, ನಾವು ಗಾಳಿ ಹಾಕೋರು. ಈ ಟಿಕೆಟ್ ಕಳಿಸಿದ್ದೂ ನಮಗೆ ಕೂತು ಕೇಳೋಕೆ ಬರುತ್ತಾ ಅಂತ ನೋಡೋಕೇನೇ. ಆಚೆ ತುದೀಲಿ ಕೂತು ನೋಡ್ತಾನೇ ಇದ್ದಾರೆ. ರಾಮಿಲ ಅವರ ಮಗಳನ್ನ ಬಿಟ್ಟು ಇರಲ್ಲ ಕಣ್ರೀ.

ಪರದೆ ಸರಿಯಿತು. ವೇದಿಕೆಗೆ ಬಂದವನನ್ನು ಕಂಡು ಅಣ್ಣ ಕುರ್ಚಿಯಲ್ಲೇ ಕುಸಿದ.

ಅಣ್ಣ: ಲುಡಿ, ಗಡ್ಡ.

ಅತ್ತಿಗೆ: ಯಾರ ಗಡ್ಡ?

ಅಣ್ಣ: ಕೇಕು ತಿಂದ ಗಡ್ಡ.

ಪಿಯಾನೋ ವಾದಕ ಸಭೆಗೆ ತಲೆಬಾಗಿದ. ಆಮೇಲೆ ಅಣ್ಣನನ್ನು ಕಂಡು, ಹೊಟ್ಟೆ ಸವರಿಕೊಂಡು, ಇನ್ನೊಂದು ಸಲ ಬಾಗಿದ. ನುಡಿಸಿದ್ದು ಚೆನ್ನಾಗಿಯೇ ಇತ್ತು ಅನ್ನಿ. ತಿಂದದ್ದು ಒಳ್ಳೆಯ ಕೇಕಲ್ಲವೇ. ವಿರಾಮ ಬಿಟ್ಟದ್ದೇ ತಡ, ಪುರಿಂಗ್ ಮೇಡಂ ಜನರನ್ನು ತಳ್ಳಿಕೊಂಡು ಬಂದರು.

ಮೇಡಂ: ಅವರು ನಿಮಗೆ ಗೊತ್ತಾ? ನಿನ್ನೆ ಬಂದಾಗಿಂದ ಒಂದು ಮಾತಾಡಿಸೋಣ ಅಂತ ನಾನು ಹಿಂದೆಹಿಂದೇನೇ ಓಡಾಡ್ತಿದೀನಿ, ತಿರುಗಿಯೂ ನೋಡಿಲ್ಲ.

ಅಣ್ಣ: ಅದು ಮೇಡಂ, ಒಂದು ಕೇಕು...

ಅತ್ತಿಗೆ ಅಣ್ಣನ ಕಾಲು ತುಳಿದರು.

ಅತ್ತಿಗೆ: ಮನೆಯವರ ಹಾಗೇ ಬಿಡಿ. ಇವತ್ತೂ ಇವರ ಜೊತೇಲೇ ಕೂತು ತಿಂದ್ರು.

ಮೇಡಂ: ಅಯ್ಯೋ, ಮೊದಲೇ ಹೇಳೋದಲ್ವಾ? ಹಾಗಾದ್ರೆ ಸಂಜೆ ಅವರನ್ನೂ ಕರ್ಕೊಂಡು ಬನ್ನಿ. ಮಕ್ಕಳ ಮದುವೆ ಮಾತು ಅವರೆದುರಿಗೇ ಮುಗಿಸಿಬಿಡೋಣ. ಕರೆದ್ರೆ ಬರ್ತಾರಾ?

ಅಣ್ಣ: ಆ ಮನುಷ್ಯನಿಗೆ ಬೇಡ ಅನ್ನೋಕೇ ಬರಲ್ಲ ಮೇಡಂ.

ಮೇಡಂ ಸೀರಿಯಸ್ಸಾಗಿ ಅಣ್ಣನ ಕೈ ಕುಲುಕಿ ಹೋದರು. ಅತ್ತಿಗೆ ಕಣ್ಣೊರೆಸಿಕೊಂಡು, ಪರ್ಸು ತೆಗೆದು ಅಣ್ಣನ ಮಡಿಲಿಗೆ ಹಾಕಿದರು.

ಅತ್ತಿಗೆ: ಏಳ್ರೀ. ಬಜಾರು ಮುಚ್ಚೋದ್ರೊಳಗೆ ಹೋಗಿ ಎರಡು ಕೇಕು ತನ್ನಿ. ಯಾವ ದೇಶದ್ದಾದ್ರೂ ಸರಿ.

ಅಣ್ಣ: ಎರಡು ಯಾಕೆ?

ಅತ್ತಿಗೆ: ಒಂದು ಬೀಗರಿಗೆ. ಇನ್ನೊಂದು ದಾರೀಲಿ ನಿಮಗೂ ಆ ಗಡ್ಡಕ್ಕೂ.