ಮಾತ್ರೆ ಮುಟ್ಟದ ವಾರ

ಸಲೂನಿನ ಷಟರ್ ಅರ್ಧಕ್ಕೆ ಸಿಕ್ಕಿಕೊಂಡಿದ್ದೇ ಎಲ್ಲದಕ್ಕೂ ಮೂಲ. ಅದನ್ನು ಮೇಲಕ್ಕೆ ಜಗ್ಗಿದ ಕ್ಷೌರಿಕನ ಬಲಭುಜದೊಳಗೆ ಏನೋ ಚರ್ರೆಂದಿತು. ಅಂದಿನಿಂದ ಕತ್ತರಿ ಹಿಡಿದ ಕೈ ಗಿರಾಕಿಯ ಕಿವಿಗಿಂತ ಮೇಲೇರಲು ಒಪ್ಪಲಿಲ್ಲ.

ಸ್ನಾಯುರಜ್ಜು ಹರಿದಿದೆ ಎಂದರು ಡಾಕ್ಟರು. ಅವನದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಅದರ ಸಾರವನ್ನು ಹರಿದ ಜಾಗಕ್ಕೆ ಚುಚ್ಚಿದರೆ ಕೂಡಿಕೊಂಡರೂ ಕೂಡಿಕೊಳ್ಳಬಹುದಂತೆ. ಷರತ್ತು ಒಂದೇ. ಅದಕ್ಕೆ ಮೊದಲು ಒಂದು ವಾರ ನೋವಿನ ಮಾತ್ರೆ ಮುಟ್ಟುವಂತಿಲ್ಲ, ಮುಟ್ಟಿದರೆ ಆ ಸಾರ ಕೆಲಸ ಮಾಡದು.

"ಎರಡು ತಿಂಗಳು ಕಾಯ್ತೀನಪ್ಪ. ಆಮೇಲೂ ಕೈ ಏಳಲಿಲ್ಲ ಅಂದ್ರೆ ನಿನ್ನ ಕುರ್ಚಿಗೆ ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದಿದ್ದರು ಸಲೂನಿನ ಮಾಲೀಕರು. ಹದಿನಾರು ವರ್ಷದಿಂದ ಅವನಿಗೆ ಅನ್ನ ಕೊಡುತ್ತಿದ್ದ ಕುರ್ಚಿ ಅದು. ಇಂಜೆಕ್ಷನ್ನಿನ ದಿನ ಬೆಳಿಗ್ಗೆ ಹೆಂಡತಿಯ ಜೊತೆಗೆ ಮಾಲೀಕರೂ ಅವನೊಂದಿಗೆ ಹೊರಟರು.

ಬಸ್ ಸ್ಟಾಪಿನಲ್ಲಿ ಪಕ್ಕದ ಮನೆಯ ನಿವೃತ್ತ ಕಂಡಕ್ಟರು ಕೊಡೆಯನ್ನೇ ಎತ್ತಿ ಸೂಜಿಯ ಉದ್ದ ತೋರಿಸಿದರು. "ನಮ್ಮ ಭಾವಮೈದುನನಿಗೂ ಹೀಗೇ ಚುಚ್ಚಿದ್ರು ಕಣಯ್ಯಾ. ಆಮೇಲೆ ನೋಡು..."

ಅಷ್ಟರಲ್ಲಿ ಬಸ್ಸು ಬಂತು. ಆಮೇಲೇನಾಯಿತೆಂದು ತಿಳಿಯದೆ ಕ್ಷೌರಿಕ ದಾರಿಯುದ್ದಕ್ಕೂ ಬೆವರಿದ.

"ಪಾಪ, ಕೈ ನೋವಾ? ಇದೊಂದು ನುಂಗಿ" ಎಂದು ಎದುರು ಸೀಟಿನಾಕೆ ಮಾತ್ರೆ ಚಾಚಿದಾಗ ಚೇಳು ಕಂಡವನಂತೆ ಹಿಂದೆ ಸರಿದ.

"ಬೇಡ ತಾಯಿ! ವಾರದಿಂದ ಒಂದೂ ಮುಟ್ಟಿಲ್ಲ. ನೋವು ಇಳೀತಾ ಇದೆ. ಎಲ್ಲಾ ಮನಸ್ಸಲ್ಲಿರೋದು" ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿದ. ಹೆಂಡತಿ ಕಿಟಕಿಯಾಚೆ ನೋಡಿದಳು. ಮಾಲೀಕರು ಕೆಮ್ಮಿದರು.

ಕ್ಲಿನಿಕ್ಕಿನಲ್ಲಿ ನರ್ಸು ಅವನ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. "ನೋವಿನ ಮಾತ್ರೆ ಏನಾದ್ರೂ ತಗೊಂಡ್ರಾ?"

"ಒಂದೂ ಇಲ್ಲ ಸಿಸ್ಟರ್. ಬರೀ ಮನೋಬಲ!"

ಹೆಂಡತಿಗೆ ತಡೆಯಲಾಗಲಿಲ್ಲ. "ಇವರು ನರಳೋದು ನೋಡಕ್ಕಾಗ್ಲಿಲ್ಲ ಸಿಸ್ಟರ್. ದಿನಾ ಹಾಲಿಗೆ ಒಂದು ಮಾತ್ರೆ ಪುಡಿ ಮಾಡಿ ಹಾಕ್ತಿದ್ದೆ."

"ಏನಮ್ಮಾ, ನೀವೂ ಹಾಕ್ತಿದ್ರಾ?" ಮಾಲೀಕರು ಬೆಚ್ಚಿಬಿದ್ದರು. "ನಾನು ಮಧ್ಯಾಹ್ನದ ಟೀಗೆ ಹಾಕ್ತಿದ್ದೆ. ಗಿರಾಕಿ ಕಿವಿ ಹತ್ರ ಇವನ ಕತ್ತರಿ ನಡುಗ್ತಿದ್ರೆ ನನಗೆ ಜೀವ ಬಾಯಿಗೆ ಬರ್ತಿತ್ತು."

ನರ್ಸು ಪಟ್ಟಿ ಬಿಚ್ಚಿದಳು. ಒಳಗೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದಳು. "ಇವತ್ತು ಆಗಲ್ಲ. ಮುಂದಿನ ತಾರೀಖು ಸಿಗೋದು ಮೂರು ತಿಂಗಳಾದ್ಮೇಲೆ."

ಕ್ಷೌರಿಕನಿಗೆ ಅಳುವೇ ಬಂತು.

"ಛೇ, ಮೂರು ತಿಂಗಳಾ!" ಮಾಲೀಕರು ಲೊಚಗುಟ್ಟಿದರು. "ಹೋಗ್ಲಿ ಬಿಡು, ಹೊಸಬನಿಗೆ ನಾಳೆಯಿಂದಲೇ ಬಾ ಅಂತೀನಿ. ನೀನೇನೂ ಯೋಚ್ನೆ ಮಾಡ್ಬೇಡ, ಆರಾಮಾಗಿ ಮನೇಲಿರು" ಎಂದು ಅವನ ಬಲಭುಜವನ್ನು ಅಕ್ಕರೆಯಿಂದ ತಟ್ಟಿದರು.