ಸಲಹೆಯ ಕುರ್ಚಿ

ಸಲಹೆ ಕೊಡುವುದು ನನ್ನ ಹುಟ್ಟುಗುಣ. ಯಾರಾದರೂ ಕೇಳಲಿ ಎಂದು ನಾನು ಕಾಯುವುದಿಲ್ಲ. ಕೇಳಿದ ಮೇಲೆ ಕೊಡುವುದರಲ್ಲಿ ಏನು ದೊಡ್ಡಸ್ತಿಕೆ ಇದೆ? ಲಿಫ್ಟಿನಲ್ಲಿ ಯಾರದೋ ಮಗು ಸೀನಿತೆಂದರೆ, ನೆಲಮಹಡಿ ಬರುವುದರೊಳಗೆ ಕಷಾಯ ಕುದಿಸುವ ವಿಧಾನವನ್ನು ಪೂರ್ತಿ ಹೇಳಿ ಮುಗಿಸಿರುತ್ತೇನೆ. ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಎದುರಿನ ತರಕಾರಿಯವನಿಗೆ ಬದನೆಕಾಯಿ ಹೇಗೆ ಜೋಡಿಸಿಡಬೇಕೆಂದು ತೆಲುಗಿನಲ್ಲಿ ಹೇಳಿಕೊಟ್ಟಿದ್ದೇನೆ. ನನ್ನ ತೆಲುಗು ಅವನಿಗೆ ತಿಳಿಯುವುದಿಲ್ಲವಾದ್ದರಿಂದ ನಾವಿಬ್ಬರೂ ಇವತ್ತಿಗೂ ಚೆನ್ನಾಗಿದ್ದೇವೆ. ನಮ್ಮ ಯಜಮಾನರು ಬದುಕಿದ್ದಾಗ, ಕಾಚಿಗೂಡದ ಬಾಡಿಗೆ ಮನೆಯಲ್ಲಿ, ಒಮ್ಮೆ ಚಹಾ ಕುಡಿಯುತ್ತ ಹೇಳಿದ್ದರು: "ನಿನ್ನ ಮಾತು ಕೇಳಿದ್ರ ನಾ ಭಾಳ ಉದ್ಧಾರ ಆಗತಿದ್ದೆ. ಆದ್ರ ಕೇಳಾಕ ನೀ ಪುರುಸೊತ್ತ ಕೊಡಂಗಿಲ್ಲ." ಅದಕ್ಕೂ ನಾನು, ಚಹಾ ಆರುವ ಮೊದಲೇ ಕುಡಿಯಿರಿ ಎಂದೆನಂತೆ.

ಇಂಥ ನನಗೆ ಸಿಕ್ಕ ಸೊಸೆ ಟೇಬಲ್ ಟೆನಿಸ್ ಆಟಗಾರ್ತಿ. ಹೊತ್ತು ಹೋಗಲೆಂದು ಆಡುವವಳಲ್ಲ, ಅದೇ ಅವಳ ಉದ್ಯೋಗ. ಪಲ್ಲವಿ ಹುಬ್ಬಳ್ಳಿಯ ಹುಡುಗಿ. ಸಂಬಂಧ ತಂದವರು "ಹುಡುಗಿ ಟೇಬಲ್ ಟೆನಿಸ್ ಆಡತಾಳ್ರಿ" ಎಂದಾಗ ನಾನು, "ಛಲೋ ಆತು. ಕೆಲಸ ಏನ್ ಮಾಡತಾಳ?" ಎಂದು ಕೇಳಿದ್ದೆ. "ಅದ ಕೆಲಸರಿ" ಎಂದರು. ಹೈದರಾಬಾದಿನ ಒಂದು ಸರ್ಕಾರಿ ಕಚೇರಿ ಅವಳಿಗೆ ಆಟದ ಸಲುವಾಗಿಯೇ ನೌಕರಿ ಕೊಟ್ಟಿತ್ತು. ಬೆಳಿಗ್ಗೆ ಹೋಗಿ ಸಹಿ ಮಾಡಿ, ಸ್ವಲ್ಪ ಹೊತ್ತು ಸೀಟಿನಲ್ಲಿ ಕೂತು, ಆಮೇಲೆ ಆಡಲು ಹೋಗುವುದು. ಪಂದ್ಯಗಳಿದ್ದಾಗ ಕಚೇರಿಯ ಪರವಾಗಿ ಊರೂರು ಸುತ್ತುವುದು. ಸಂಬಳ ಮಾತ್ರ ಎಲ್ಲರ ಹಾಗೆ ತಿಂಗಳಿಗೆ ಸರಿಯಾಗಿ ಬರುತ್ತಿತ್ತು. ಇದನ್ನು ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರಿಗೆ ತಿಳಿಸುವುದೇ ನನಗೊಂದು ಪಾಡು. "ಮೀ ಕೋಡಲು ಏಂ ಚೇಸ್ತಾರಂಡಿ?" ಎಂದು ಸೊಸೆಯ ಕೆಲಸ ಕೇಳುತ್ತಾರೆ. ನನ್ನ ಸೊಸೆ ಆಡುತ್ತಾಳೆ ಎನ್ನುತ್ತೇನೆ. "ಓಹೋ, ಪ್ಲೇಸ್ಕೂಲಾ?" ಎಂದು ತಲೆಯಾಡಿಸುತ್ತಾರೆ. ಇಬ್ಬರು ತಮ್ಮ ಮಕ್ಕಳ ಫೀಸು ಎಷ್ಟಾಗಬಹುದೆಂದೂ ವಿಚಾರಿಸಿದ್ದರು.

ನಿಜ ಹೇಳಬೇಕೆಂದರೆ ನನಗೂ ಆ ಉದ್ಯೋಗ ಪೂರ್ತಿ ತಿಳಿದಿರಲಿಲ್ಲ, ತಿಳಿಯುವ ಕುತೂಹಲ ಮಾತ್ರ ಬೇಕಾದಷ್ಟಿತ್ತು. ಅವಳು ಪಂದ್ಯದ ನಡುವೆ ಟೇಬಲ್ಲಿನ ಮೂಲೆಗೆ ಅಂಗೈ ಏಕೆ ಒರೆಸುತ್ತಾಳೆ? ಟವೆಲ್ ಇಲ್ಲವೇ? ಚೆಂಡಿಗೆ ಏಕೆ ಉಫ್ ಎಂದು ಊದುತ್ತಾಳೆ? ಮನೆಯಲ್ಲಿ ನಾಲ್ಕು ಸಲ ಕೇಳಿದರೆ ಒಂದು ಸಲ ಬಾಯಿ ಬಿಡುವ ಹುಡುಗಿ, ಒಂದು ಪಾಯಿಂಟ್ ಬಂದರೆ ಮುಷ್ಟಿ ಕಟ್ಟಿ "ಚೋ" ಎಂದು ಹಾಲ್ ನಡುಗುವಂತೆ ಏಕೆ ಕೂಗುತ್ತಾಳೆ? ಬ್ಯಾಟಿಗೆ ಅಂಟಿಸಿದ ರಬ್ಬರು ನೋಡಲು ಹೊಸದರಂತೆಯೇ ಇರುತ್ತದೆ, ಇವಳು "ಸತ್ತೈತ್ರಿ ಅತ್ತಿ" ಎಂದು ಕಿತ್ತು ಹಾಕುತ್ತಾಳೆ. ಆ ಸತ್ತ ರಬ್ಬರನ್ನು ನಾನು ಎಸೆಯಲು ಬಿಡುವುದಿಲ್ಲ. ಉಪ್ಪಿನಕಾಯಿ ಭರಣಿಯ ಬಿಗಿ ಮುಚ್ಚಳ ತಿರುಗಿಸಲು ಅದರಂಥ ವಸ್ತು ಇನ್ನೊಂದಿಲ್ಲ. ಆಟ ತಿಳಿಯದಿದ್ದರೂ ಅದರ ಬಗ್ಗೆ ಸಲಹೆ ಕೊಡಲು ನನಗೇನೂ ಅಡ್ಡಿಯಾಗಲಿಲ್ಲ. ಅಷ್ಟು ಬಗ್ಗಿ ನಿಂತರೆ ನಡ ಹಿಡಿಯುತ್ತದೆ ಎಂದೆ, ಹೊಟ್ಟೆತುಂಬ ಉಂಡು ಆಡು ಎಂದೆ. ಎಲ್ಲದಕ್ಕೂ "ಹೂಂ ರಿ ಅತ್ತಿ" ಎನ್ನುತ್ತಿದ್ದಳು, ಎಲ್ಲವನ್ನೂ ತನ್ನ ಹಾಗೆಯೇ ಮಾಡುತ್ತಿದ್ದಳು.

ಹೀಗೆ ನಡೆದಿದ್ದಾಗ ಒಂದು ರಾತ್ರಿ ಊಟಕ್ಕೆ ಬಡಿಸುತ್ತ ಪಲ್ಲವಿ, ಏನೂ ವಿಶೇಷವಿಲ್ಲವೆಂಬ ಧ್ವನಿಯಲ್ಲಿ ಸುದ್ದಿ ಹೇಳಿದಳು. ಕಚೇರಿಗೆ ಹೊಸ ಅಧಿಕಾರಿ ಬಂದಿದ್ದಾರೆ. ಈ ವರ್ಷ ರಾಜ್ಯದ ತಂಡಕ್ಕೆ ಆಯ್ಕೆಯಾದರೆ ಆಟಕ್ಕೆ ಬಿಡುವು ಉಂಟು, ಇಲ್ಲದಿದ್ದರೆ ಎಲ್ಲರ ಹಾಗೆ ಬೆಳಿಗ್ಗೆಯಿಂದ ಸಂಜೆವರೆಗೆ ಸೀಟಿನಲ್ಲಿ ಕೂಡಬೇಕು. ಅವಳಿಗೆ ಮೂವತ್ತು ದಾಟಿತ್ತು, ಮೊಣಕಾಲು ಆಗಾಗ ತಕರಾರು ಮಾಡುತ್ತಿತ್ತು, ಎದುರು ನಿಲ್ಲುವವರೆಲ್ಲ ಕಾಲೇಜು ಹುಡುಗಿಯರು. ನನ್ನ ಮಗ ಆನಂದ ಅವಳ ಕೈಯಿಂದ ಸೌಟು ತೆಗೆದುಕೊಂಡು, ನೀನೂ ಉಣ್ಣಲು ಕೂಡು ಎಂದ. "ಫೈಲಿನ ಕೆಲಸ ಕೆಟ್ಟದ್ದಲ್ಲ" ಎಂದಳು ಅವಳು, "ಆದ್ರ ನನಗ ಅದು ಬರಂಗಿಲ್ಲ. ಸಣ್ಣಾಕಿ ಇದ್ದಾಗಿಂದ ಬಂದದ್ದು ಇದೊಂದ." ಅಂದು ನಾನು ಕೊಟ್ಟ ಸಲಹೆ ಒಂದೇ, ಇನ್ನೊಂದು ರೊಟ್ಟಿ ಹಾಕಿಕೊ ಎಂದೆ.

ಆಯ್ಕೆಯ ಪಂದ್ಯಗಳು ನಡೆಯುವ ದಿನ ಆನಂದನಿಗೆ ಬಾಲಾನಗರದ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಮೊಸರನ್ನದ ಡಬ್ಬಿ ಹಿಡಿದು ನಾನೇ ಸೊಸೆಯ ಜೊತೆ ಮೆಟ್ರೋ ಹತ್ತಿದೆ. ಕೊನೆಯ ನಾಲ್ವರಲ್ಲಿ ಬಂದವರಿಗೆ ತಂಡದಲ್ಲಿ ಜಾಗ. ಮೊದಲ ಪಂದ್ಯಗಳನ್ನು ಅವಳು ಗೆದ್ದಳು. ಆ ನಾಲ್ವರೊಳಗೆ ಸೇರಲು ಇನ್ನೊಂದೇ ಪಂದ್ಯ ಉಳಿದಿತ್ತು, ಎದುರಾಳಿ ಲಾಸ್ಯ. ಹತ್ತೊಂಬತ್ತರ ಹುಡುಗಿ, ಪಲ್ಲವಿಯ ಕೋಚ್ ಹತ್ತಿರವೇ ಕಲಿತವಳು.

ಆಗ ಈ ಉದ್ಯೋಗದ ಒಂದು ವಿಚಿತ್ರ ನನಗೆ ಗೊತ್ತಾಯಿತು. ಪ್ರತಿ ಆಟಗಾರ್ತಿಯ ಹಿಂದೆ ಒಂದು ಕುರ್ಚಿ ಇರುತ್ತದೆ, ಅದರಲ್ಲಿ ಸಲಹೆ ಕೊಡುವವರು ಕೂಡುತ್ತಾರೆ. ಒಂದು ಗೇಮ್ ಮುಗಿದಾಗ ಆಟಗಾರ್ತಿ ಅವರ ಹತ್ತಿರ ಬರುತ್ತಾಳೆ, ಒಂದು ನಿಮಿಷ ಬುದ್ಧಿ ಹೇಳಬಹುದು. ಚೆಂಡು ಆಟದಲ್ಲಿರುವಾಗ ಮಾತ್ರ ತುಟಿ ಬಿಚ್ಚುವ ಹಾಗಿಲ್ಲ. ಸಲಹೆಗೆಂದೇ ಕುರ್ಚಿ ಹಾಕಿಕೊಡುವ ಜಗತ್ತೊಂದು ಇದೆಯೆಂದು ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಆದರೆ ಶಿಷ್ಯರಿಬ್ಬರೇ ಎದುರುಬದುರಾದರೆ ಕೋಚ್ ಯಾರ ಹಿಂದೆಯೂ ಕೂಡುವುದಿಲ್ಲವಂತೆ. ಅವರು ಕೈಕಟ್ಟಿಕೊಂಡು ಗ್ಯಾಲರಿಗೆ ಹೋದರು. ಲಾಸ್ಯಳ ಕುರ್ಚಿಯಲ್ಲಿ ಅವಳ ಅಪ್ಪ ಆಗಲೇ ಕೂತಾಗಿತ್ತು. ಪಲ್ಲವಿ ತನ್ನ ಖಾಲಿ ಕುರ್ಚಿ ನೋಡಿದಳು, ಆಮೇಲೆ ಗ್ಯಾಲರಿಯ ಕೆಳಗೆ ಬಂದು ನನ್ನನ್ನು ಕರೆದಳು. "ಅತ್ತಿ, ಬರ್ರಿಲ್ಲೆ. ಸುಮ್ಮನ ಕುಂತ್ರ ಸಾಕು. ಕುರ್ಚಿ ಖಾಲಿ ಇದ್ರ ಭಣಭಣ ಅನಸತೈತಿ."

"ಆಪ್ ಅಡ್ವೈಸರ್ ಹೈ ಕ್ಯಾ, ಮೇಡಂ?" ಎಂದು ಅಂಪೈರ್ ಕೇಳಿದರು. ನಾನು ಸಲಹೆಗಾರ್ತಿಯೇ ಎಂದು ಕೇಳುತ್ತಿದ್ದಾರೆ! ಸೆರಗು ಸರಿ ಮಾಡಿಕೊಂಡು "ಜೀ ಹಾಂ" ಎಂದೆ.

ಐದು ಗೇಮುಗಳಲ್ಲಿ ಮೂರು ಗೆದ್ದವರಿಗೆ ಪಂದ್ಯ. ಮೊದಲ ಗೇಮ್ ಪಲ್ಲವಿ ಸೋತಳು. ಬಂದು ನನ್ನೆದುರು ನಿಂತಳು. ನಾನು ಬಾಯಿ ತೆರೆದೆ. ಒಳಗೆ ಏನೂ ಇರಲಿಲ್ಲ. ಕಷಾಯ, ಬದನೆಕಾಯಿ, ನಡ, ನನ್ನ ಸರಕಿನಲ್ಲಿ ಯಾವುದೂ ಇಲ್ಲಿ ನಡೆಯುವಂಥದ್ದಲ್ಲ. ಆ ಕಡೆ ಲಾಸ್ಯಳ ಅಪ್ಪ ಎರಡೂ ಕೈ ಬಳಸಿ ಏನೇನೋ ವಿವರಿಸುತ್ತಿದ್ದರು. "ನೀರ ಕುಡಿ" ಎಂದೆ. ಕುಡಿದಳು, ಎರಡನೆಯ ಗೇಮ್ ಗೆದ್ದಳು. ನೀರಿನ ಮಹಿಮೆಯೆಂದು ನನಗೆ ಖಾತ್ರಿಯಾಯಿತು. "ಇನ್ನೊಂದಿಷ್ಟು ಕುಡಿ" ಎಂದೆ. ಮೂರನೆಯದರಲ್ಲಿ ಚೆಂಡು ಆ ಕಡೆ ಈ ಕಡೆ ಹಾರುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ, ಎದ್ದು ನಿಂತು "ಎಡಕ್ಕ, ಎಡಕ್ಕ" ಎಂದುಬಿಟ್ಟೆ. ಅಂಪೈರ್ ಆಟ ನಿಲ್ಲಿಸಿ, ನನ್ನ ಕಡೆ ಒಂದು ಹಳದಿ ಚೀಟಿ ಎತ್ತಿ ಹಿಡಿದರು. ಒಳಗೆ ಕೂಡುವವರಿಗೆ ಕೊಡುವ ಪಾಸು ಇರಬೇಕೆಂದು ನಾನು ಹೋಗಿ ಕೈ ಚಾಚಿದೆ. ಗ್ಯಾಲರಿಯೆಲ್ಲ ನಕ್ಕಿತು. ಅದು ಎಚ್ಚರಿಕೆಯ ಕಾರ್ಡು, ಇನ್ನೊಮ್ಮೆ ಬಾಯಿ ಬಿಟ್ಟರೆ ಹೊರಗೆ ಕಳಿಸುತ್ತೇವೆಂದು ಅವರು ಹಿಂದಿಯಲ್ಲಿ ತಿಳಿಸಿಹೇಳಿದರು. ಕೋಚ್ ಮುಖ ಮುಚ್ಚಿಕೊಂಡಿದ್ದರು. ಆ ಗೇಮ್ ಪಲ್ಲವಿ ಸೋತಳು, ನನ್ನಿಂದಲೇ ಸೋತಳೆಂದು ನನಗೆ ಅನಿಸಿತು. ನಾಲ್ಕನೆಯದನ್ನು ಸೆರಗು ಬಾಯಿಗೆ ಒತ್ತಿಕೊಂಡು ನೋಡಿದೆ. ಅದನ್ನು ಅವಳು ಹೇಗೋ ಎಳೆದು ಗೆದ್ದಳು. ಎರಡು-ಎರಡು ಸಮ. ಉಳಿದದ್ದು ಒಂದೇ ಗೇಮ್.

ಅವಳು ಬಂದು ಮುಖಕ್ಕೆ ಟವೆಲ್ ಒತ್ತಿಕೊಂಡು ನಿಂತಳು. ಟವೆಲ್ಲಿನೊಳಗಿಂದ ಧ್ವನಿ ಬಂತು: "ಏನರ ಹೇಳ್ರಿ ಅತ್ತಿ."

ಮದುವೆಯಾಗಿ ಬಂದಾಗಿನಿಂದ ಅವಳು ನನ್ನನ್ನು ಹೀಗೆ ಕೇಳಿದ್ದು ಅದೇ ಮೊದಲು. ನನಗೆ ಹೆದರಿಕೆಯಾಯಿತು. ಈಗ ಬಾಯಿಗೆ ಬಂದದ್ದು ಹೇಳಿ, ಅದರಿಂದ ಇವಳ ಆಟವೇ ನಿಂತುಹೋದರೆ? "ನನಗೇನೂ ತಿಳಿಯವಲ್ದವಾ ಯವ್ವಾ" ಎಂದೆ. "ಆಕಿ ಹೊಡೆದ ಚೆಂಡು ಎಲ್ಲಿ ಹೋಗತೈತಿ ಅನ್ನೋದ ನನಗ ಕಾಣವಲ್ದು. ನಿನಗ ಹೆಂಗ ಕಾಣತೈತೋ ಏನೋ."

ಟವೆಲ್ ಕೆಳಗಿಳಿಯಿತು. ಪಲ್ಲವಿ ನನ್ನನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ನಗತೊಡಗಿದಳು, ಹೊಟ್ಟೆಯಿಂದ ಬಂದ ನಗು. "ನಿಮಗ ತಿಳಿಯಂಗಿಲ್ಲ ಅನ್ನೋದನ್ನ ಇವತ್ತ ಕೇಳಿದೆ ನೋಡ್ರಿ" ಎಂದು ನಗುತ್ತಲೇ ಟೇಬಲ್ಲಿಗೆ ಹೋದಳು. ಆ ಕಡೆ ಅಪ್ಪ-ಮಗಳು ಮುಖ ಮುಖ ನೋಡಿಕೊಂಡರು. ಇಂಥ ಹೊತ್ತಿನಲ್ಲಿ ನಗಿಸುವಂಥದ್ದು ಈ ಮುದುಕಿ ಏನು ಹೇಳಿರಬಹುದೆಂದು ಅವರಿಗೆ ಯೋಚನೆ. ಕೊನೆಯ ಗೇಮಿನಲ್ಲಿ ಪಲ್ಲವಿಯ ಭುಜ ಸಡಿಲವಾಗಿತ್ತು, ಕೈ ತಾನಾಗಿ ಹೋಗುತ್ತಿತ್ತು. ಹನ್ನೊಂದು-ಎಂಟು. "ಚೋ" ಎಂದು ಕೂಗಿ ನೇರ ಬಂದು ನನ್ನ ಹೆಗಲಿಗೆ ತಲೆ ಇಟ್ಟಳು. ನನ್ನ ಇಳಕಲ್ ಸೀರೆಯೆಲ್ಲ ಬೆವರಾಯಿತು. ನಾನು ಅತ್ತುಬಿಟ್ಟೆ, ಅದರಲ್ಲಿ ಮುಚ್ಚಿಡುವುದೇನಿದೆ.

ಲಾಸ್ಯಳ ಅಪ್ಪ ಒಳ್ಳೆಯ ಮನುಷ್ಯ. ಬಂದು ಕೈ ಮುಗಿದು, "ಲಾಸ್ಟ್ ಗೇಮ್ ಮುಂದು ಏಂ ಚೆಪ್ಪಾರಂಡಿ ಆಂಟೀ?" ಎಂದು ಕೇಳಿದರು. ಕೊನೆಯ ಗೇಮಿಗೆ ಮೊದಲು ಏನು ಹೇಳಿದಿರಿ ಎಂದು. ನಿಜ ಹೇಳಬಹುದಿತ್ತು. ಆದರೆ ಸುತ್ತ ಇನ್ನೂ ನಾಲ್ಕಾರು ಹುಡುಗಿಯರ ತಂದೆತಾಯಂದಿರು ಕಿವಿಗೊಟ್ಟು ನಿಂತಿದ್ದರು. "ಅದು ಆಡುವವಳಿಗೂ ಕುರ್ಚಿಯಲ್ಲಿ ಕೂತವರಿಗೂ ನಡುವಿನ ಮಾತು" ಎಂದು ನನ್ನ ತೆಲುಗಿನಲ್ಲಿ ಹೇಳಿದೆ. ಅವರೆಲ್ಲ ಗೌರವದಿಂದ ತಲೆಯಾಡಿಸಿದರು. ಪಕ್ಕದಲ್ಲಿ ನೀರು ಕುಡಿಯುತ್ತಿದ್ದ ಪಲ್ಲವಿಗೆ ನೆತ್ತಿಗೇರಿತು.

ತಂಡದಲ್ಲಿ ಜಾಗವೇನೋ ಖಾತ್ರಿಯಾಗಿತ್ತು, ಮರುದಿನ ಸೆಮಿಫೈನಲ್. ರಾತ್ರಿಯೆಲ್ಲ ಆನಂದನ ಫೋನಿನಲ್ಲಿ ಹಳೆಯ ಪಂದ್ಯಗಳನ್ನು ನೋಡಿ, ಹೇಳಬೇಕಾದ ಮೂರು ಮಾತು ಸಿದ್ಧ ಮಾಡಿಕೊಂಡಿದ್ದೆ. ಎದುರಾಳಿ ಬೇರೆ ಕಡೆ ಕಲಿತವಳು ಎಂಬುದು ಗೊತ್ತಿತ್ತು, ಹಾಗೆಂದರೆ ಏನೆಂದು ಮಾತ್ರ ಹೊಳೆದಿರಲಿಲ್ಲ. ಕುರ್ಚಿಯ ಹತ್ತಿರ ಹೋದರೆ ಅಲ್ಲಿ ಕೋಚ್ ಕೂತಿದ್ದರು. "ನಮಸ್ತೇ ಅಮ್ಮಾ" ಎಂದರು, ಏಳಲಿಲ್ಲ. ನಾನು ಗ್ಯಾಲರಿ ಹತ್ತಿದೆ. ಪಲ್ಲವಿ ಒಂದೂ ಗೇಮ್ ಬಿಡದೆ ಗೆದ್ದಳು, ಒಮ್ಮೆಯೂ ಮೇಲೆ ನೋಡಲಿಲ್ಲ. ನನಗೆ ಬಹಳ ಸಂತೋಷವಾಗಬೇಕಿತ್ತು. ಆಯಿತು ಕೂಡ, ಮನೆಗೆ ಹೊರಟ ಮೆಟ್ರೋ ಅಮೀರ್‌ಪೇಟ ದಾಟಿದ ಮೇಲೆ.