ಮೂರು ಮುದ್ರೆಯ ಕಾಗದ

“ಸರಕಾರಿ ಕಾಗದ ಓದಾಕ ಸಾಲಿ ಯಾಕ ಬೇಕು? ಕಣ್ಣಿದ್ರ ಸಾಕು!” ಎಂದು ಕಮಲಾಪುರದ ಬಾಳೆತೋಟದ ಕಲ್ಯಾಣಪ್ಪನವರು ಮನೆಯ ಕಟ್ಟೆಯ ಮೇಲಿಂದ ಘೋಷಿಸಿದರು. ನಿಜಾಮರ ಸರಕಾರದ ಕಾಗದಗಳೆಲ್ಲ ಬರುತ್ತಿದ್ದುದು ಉರ್ದುವಿನಲ್ಲಿ. ಕಲ್ಯಾಣಪ್ಪನವರಿಗೆ ಅದರ ಒಂದಕ್ಷರವೂ ಬಾರದು. ಆದರೂ ಹತ್ತು ವರ್ಷದಿಂದ ಊರವರ ಕಾಗದ ‘ಓದಿ’ ಹೇಳುತ್ತಿದ್ದವರು ಅವರೇ! ಅದಕ್ಕೆಂದೇ ಒಂದು ಶಾಸ್ತ್ರ ಕಂಡುಹಿಡಿದಿದ್ದರು: ಒಂದು ಮುದ್ರೆಯಿದ್ದರೆ ಕಂದಾಯ, ಎರಡಿದ್ದರೆ ಕಚೇರಿಯಿಂದ ಕರೆ. ಅಲ್ಲಿಗೆ ವಿದ್ಯೆ ಸಂಪೂರ್ಣ.

“ಹಂಗಾದ್ರ ಸಾಲಿ ಯಾಕ ಕಟ್ಯಾರ ಅಪ್ಪಾ?” ಎಂದಳು ಆರು ವರ್ಷದ ಮಗಳು ಅಂಬಮ್ಮ. ಊರಿನ ಹೊಸ ಶಾಲೆಗೆ ಅವಳನ್ನು ಕಳಿಸಬೇಕೆಂದು ಹೆಂಡತಿ ಶಂಕ್ರಮ್ಮ ಹಟ ಹಿಡಿದು ವಾರವಾಗಿತ್ತು.

“ನನ್ನಂಥಾ ಕಣ್ಣು ಇಲ್ಲದವರಿಗೆ!”

ಅಷ್ಟರಲ್ಲೇ ಕಚೇರಿಯ ಜವಾನ ವಹಾಬ್ ಬಂದು ಕಾಗದವೊಂದನ್ನು ಕೈಗಿಟ್ಟ.

“ಓದಿಸಿ ಹೇಳ್ಲೇನ್ರೀ ಸಾವ್ಕಾರ್ರೀ?”

“ನನಗ? ಓದಿಸಿ? ನಡಿ ನಡಿ!”

ವಹಾಬ್ ಹೋದ. ಕಲ್ಯಾಣಪ್ಪನವರು ಕಾಗದ ಬಿಚ್ಚಿದರು. ಒಂದು... ಎರಡು... ಮೂರು ಮುದ್ರೆ! ಅವರ ಶಾಸ್ತ್ರದಲ್ಲೇ ಇಲ್ಲದ ಸಂಖ್ಯೆ!

“ಮೂರಂದ್ರ ಏನಪ್ಪಾ?”

“ಮೂರಂದ್ರ...” ಎರಡಕ್ಕೆ ಕಚೇರಿಯಾದರೆ ಮೂರಕ್ಕೆ ಜೈಲೇ ಅಲ್ಲವೆ? “ಜೈಲು!” ಎಂದು ಬಾಯಿಂದ ಹೊರಬಿದ್ದ ಮಾತು ಒಳಮನೆಗೂ ಕೇಳಿಸಿತು.

ಊರಲ್ಲಿ ಯಾರಿಗಾದರೂ ತೋರಿಸೋಣವೆಂದರೆ ಹತ್ತು ವರ್ಷದ ಮಾನ ಒಂದೇ ಗಳಿಗೆಯಲ್ಲಿ ಹೋಗುತ್ತದೆ. ಉಳಿದದ್ದು ಕಚೇರಿಯಿರುವ ಕಲಬುರಗಿಯೊಂದೇ. ಎತ್ತಿನ ಬಂಡಿ ಕಟ್ಟಿಸಿದರು. ಎಳೆಯ ಕೂಸಿನ ಮುಖ ನೋಡಿಯಾದರೂ ಕಚೇರಿಯ ಸಾಹೇಬರು ಕರಗಿಯಾರು ಎಂದು ಅಂಬಮ್ಮನನ್ನೂ ಹತ್ತಿಸಿಕೊಂಡರು. ಶಂಕ್ರಮ್ಮ ಒಳಗಿಂದ ಕೌದಿ ತಂದು ಬಂಡಿಗೆ ಹಾಕಿದಳು.

“ಇದ್ಯಾಕ?”

“ಜೈಲಿನ್ಯಾಗ ಥಂಡಿ ಇರ್ತದಂತ್ರೀ.”

ದಾರಿಯುದ್ದಕ್ಕೂ ಅವರು ತಮ್ಮ ಪಾಪಗಳನ್ನು ನೆನೆದರು. ಪಕ್ಕದ ತೋಟದ ನೀರು ತಿರುಗಿಸಿಕೊಂಡದ್ದು. ಪೊಲೀಸ್ ಅಮೀನ ಸಾಹೇಬರಿಗೆ ಹಣ್ಣೆಂದು ಹೇಳಿ ಕಾಯಿ ಬಾಳೆಗೊನೆ ಕಳಿಸಿದ್ದು. ಕುದುರೆ ಸವಾರನೊಬ್ಬ ಎದುರಾದಾಗಲಂತೂ ಕೌದಿಯೊಳಗೇ ಹೊಕ್ಕುಬಿಟ್ಟರು! “ಅಪ್ಪಾ, ಅವ ಹಾಲು ಮಾರಾವ,” ಎಂದು ಅಂಬಮ್ಮ ಹೊರಗಿನಿಂದ ವರದಿ ಮಾಡಿದಳು.

ಕಲಬುರಗಿಯಲ್ಲಿ ಕಚೇರಿಯೆದುರಿನ ಬೇವಿನ ಮರದಡಿ ಅರ್ಜಿ ಬರೆಯುವ ಗುಲಾಮ್ ರಸೂಲ್ ಕೂತಿದ್ದ. ಕಲ್ಯಾಣಪ್ಪನವರು ಕಾಗದ ಕೊಟ್ಟರು. “ಎಷ್ಟು ವರ್ಷ ಹಾಕ್ಯಾರ, ನೋಡ್ರಿ.”

ಗುಲಾಮ್ ರಸೂಲ್ ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

“ಸಾವ್ಕಾರ್ರೀ, ಬರೋ ಸೋಮವಾರ ಕಮಲಾಪುರದಾಗ ಹೊಸ ಸಾಲಿ ಸುರು ಆಗ್ತದ. ಊರಾಗ ಓದು ಬಲ್ಲ ದೊಡ್ಡ ಮನಸ್ಯಾ ಅಂದ್ರ ನೀವೇ ಅಂತ! ಸಾಲಿ ಯಾಕ ಬೇಕು ಅಂತ ತಾಯಿ-ತಂದಿಗಳಿಗೆ ನೀವೇ ತಿಳಿಸಿ ಹೇಳಬೇಕಂತ!”

“ಮತ್ತ... ಆ ಮೂರು ಮುದ್ರಿ?”

“ಮೊದಲಿನ ಎರಡು ಸಾಫ್ ಮೂಡಿಲ್ಲ. ಅದಕ್ಕ ಮೂರನೇದು ಒತ್ಯಾರ!”

ಕಲ್ಯಾಣಪ್ಪನವರಿಗೆ ಹೋದ ಜೀವ ಬಂತು. ಬಂದ ಹಿಂದೆಯೇ ಇನ್ನೊಂದು ದಿಗಿಲು ಹಿಡಿಯಿತು. ಊರೆಲ್ಲ ಕೂಡಿದ ಸಭೆಯಲ್ಲಿ ಏನೆಂದು ಹೇಳುವುದು?

ಅಂಬಮ್ಮ ಅಪ್ಪನ ಧೋತರದ ಚುಂಗು ಹಿಡಿದು ಜಗ್ಗಿದಳು.

“ಹೆದರಬ್ಯಾಡಪ್ಪಾ. ನೀ ಸುಮ್ನ ನಿಂದ್ರು. ಇವತ್ತು ನಡದದ್ದೆಲ್ಲಾ ನಾನೇ ಹೇಳ್ತೀನಿ. ಎಲ್ಲಾರೂ ಮಕ್ಕಳನ್ನ ಸಾಲಿಗಿ ಕಳಸ್ತಾರ!”

ಕಲ್ಯಾಣಪ್ಪನವರು ಗುಲಾಮ್ ರಸೂಲನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು:

“ಸಾಹೇಬ್ರ, ಸೋಮವಾರ ಒಂದಿನ ಜೈಲಿಗಿ ಹಾಕ್ರಿ ಅಂತ ಅರ್ಜಿ ಕೊಟ್ರ ತಗೋತಾರೇನ್ರಿ?”